ಮಂಗಳವಾರದ ನಿಂಬೆಹಣ್ಣು

ನನ್ನ ಹೆಸರು ಯಮನಮ್ಮ. ಕೂದಲು, ಹುಬ್ಬು ನೋಡಿಕೊಳ್ಳುವ ಅಂಗಡಿಗೆ ಈ ಹೆಸರಿಟ್ಟರೆ ಯಾವ ಹೆಂಗಸು ಧೈರ್ಯ ಮಾಡಿ ಒಳಗೆ ಬಂದಾಳು? ಅದಕ್ಕೇ ಬೋರ್ಡಿನ ಮೇಲೆ ಯಮುನಾ ಲೇಡೀಸ್ ಬ್ಯೂಟಿ ಪಾರ್ಲರ್ ಅಂತ ಬರೆಸಿದ್ದೇನೆ. ಹೊಸಪೇಟೆ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ. ಮುಂದಿನದು ಪಾರ್ಲರು, ಹಿಂದಿನದು ಮನೆ, ನಡುವೆ ಒಂದು ಹೂವಿನ ಪರದೆ. ಗಂಡ ಅದಿರಿನ ಲಾರಿ ತಗೊಂಡು ಕಾರವಾರದ ಕಡೆ ಹೋಗಿ ಬಂದು ಮಾಡುತ್ತಿದ್ದ. ಒಂದು ಸಲ ಹೋದವನು ಬರುವುದನ್ನು ಬಿಟ್ಟು ಅಲ್ಲೇ ಇನ್ನೊಂದು ಮನೆ ಮಾಡಿದ. ಅವನ ವಿಷಯ ಇಷ್ಟು ಸಾಕು, ಈ ಕತೆ ಅವನದಲ್ಲ.

ವಾರದಲ್ಲಿ ಆರು ದಿನ ನನಗೆ ಬೇಸರ ಮಾಡಿಕೊಳ್ಳಲು ಪುರಸೊತ್ತಿರುವುದಿಲ್ಲ. ಮಂಗಳವಾರ ಮಾತ್ರ ಕಷ್ಟ. ಮಂಗಳವಾರ ನಮ್ಮಲ್ಲಿ ಯಾರೂ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ, ಉಗುರು ಕೂಡ ತೆಗೆಯುವುದಿಲ್ಲ. ಗಂಡಸರ ಕಟಿಂಗ್ ಶಾಪಿನ ಹಾಗೆ ನನ್ನ ಪಾರ್ಲರಿಗೂ ಅವತ್ತು ರಜೆ. ವಾರದ ಟವೆಲ್ಲುಗಳನ್ನೆಲ್ಲ ಒಗೆದು ಹಾಕಿದ ಮೇಲೆ ನಾನು ಹೋಗಿ ಗಿರಾಕಿಗಳ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇನೆ. ಎದುರುಬದುರು ಎರಡು ಕನ್ನಡಿ ಇವೆ. ನಡುವೆ ಕುಳಿತರೆ ಇಪ್ಪತ್ತು ಮೂವತ್ತು ಯಮನಮ್ಮಂದಿರು ಸಾಲಾಗಿ ಕಾಣುತ್ತಾರೆ. ಒಬ್ಬಳಿಗಾದರೂ ಮಾತಾಡಲು ಬರಬೇಕಲ್ಲ.

ಎರಡು ಸಾವಿರದ ಆರರ ಡಿಸೆಂಬರಿನಲ್ಲಿ, ಅಂಥದೇ ಒಂದು ಮಂಗಳವಾರ, ಗಲ್ಲಿಯಲ್ಲಿ ಹಿಡಿಸದಷ್ಟು ದೊಡ್ಡ ಒಂದು ಬಿಳಿ ಸ್ಕಾರ್ಪಿಯೋ ಬಂದು ನಿಂತಿತು. ಡ್ರೈವರ್ ಓಬಳಪ್ಪ ಇಳಿದು, ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತ. "ಸಂಡೂರಿಂದ ಬಂದೀನ್ರಿ. ನಮ್ಮ ಸಾವ್ಕಾರ್ರ ಮನಿಯವ್ರು ಕರಕೊಂಡು ಬಾ ಅಂದಾರ್ರಿ. ತಲಿಕೂದ್ಲ ಕೆಲಸ ಅಂತ," ಅಂದ.

"ಮಂಗಳವಾರ ಕತ್ತರಿ ಹಿಡಿಯಂಗಿಲ್ಲಪ್ಪ ನಾನು."

"ಕತ್ತರಿ ಬ್ಯಾಡಂತ್ರಿ. ನಿಂಬಿಹಣ್ಣು ಇದ್ರ ಸಾಕಂತ."

ಕೂದಲಿನ ಕೆಲಸಕ್ಕೆ ಕತ್ತರಿ ಬೇಡ, ನಿಂಬೆಹಣ್ಣು ಸಾಕು ಅಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನೋಡೇಬಿಡೋಣ ಅಂತ ಹತ್ತಿದೆ. ನಿಜ ಹೇಳಬೇಕೆಂದರೆ ಮಂಗಳವಾರ ಯಾರಾದರೂ ನರಕಕ್ಕೆ ಕರೆದಿದ್ದರೂ ಹೋಗುತ್ತಿದ್ದೆ.

ಸಂಡೂರಿಗೆ ಮುಕ್ಕಾಲು ಗಂಟೆಯ ದಾರಿ ಅನ್ನುವುದು ಹಳೆಯ ಮಾತು. ಆಗ ಎರಡು ಗಂಟೆ ಹಿಡಿಯುತ್ತಿತ್ತು. ಮುಂದೆ ಅದಿರಿನ ಲಾರಿ, ಹಿಂದೆ ಅದಿರಿನ ಲಾರಿ, ಎದುರಿಗೆ ಬರುವುದೂ ಅದೇ. ರಸ್ತೆ ಬದಿಯ ಬೇವಿನಮರ, ಮೈಲಿಗಲ್ಲು, ನಾಯಿ, ಚಹಾ ಅಂಗಡಿಯವನ ರೆಪ್ಪೆ, ಎಲ್ಲದಕ್ಕೂ ಒಂದೇ ಕೆಂಪು. ಓಬಳಪ್ಪ ಗಾಜು ಏರಿಸಿ ಏಸಿ ಹಾಕಿದ. ಹಾಗಿದ್ದರೂ ಇಳಿಯುವಾಗ ನನ್ನ ಬಿಳಿ ದುಪಟ್ಟಾ ಬಿಳಿಯಾಗಿ ಉಳಿದಿರಲಿಲ್ಲ.

ಆ ಸಾಹುಕಾರ ಹೊನ್ನೂರುಸ್ವಾಮಿ ಐದು ವರ್ಷದ ಹಿಂದೆ ಒಂದು ಲಾರಿ ಇಟ್ಟುಕೊಂಡಿದ್ದವನು. ಈಗ ಲಾರಿಗಳು ಎಷ್ಟು ಅಂತ ಅವನಿಗೇ ಕೇಳಬೇಕು, ಒಂದು ಗಣಿಯಲ್ಲೂ ಪಾಲಿದೆ. ಮನೆ ಮೂರು ಅಂತಸ್ತು. ಬಾಗಿಲು ತೆಗೆದವಳು ಅವನ ಹೆಂಡತಿ ಹೇಮಾ. ಇಪ್ಪತ್ತೆಂಟು ಇಪ್ಪತ್ತೊಂಬತ್ತು ಇರಬಹುದು. ಮಗಳನ್ನು ದಾವಣಗೆರೆಯ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಅಡಿಗೆಯವಳು ಹತ್ತು ಗಂಟೆಗೆ ಬಂದು ಹನ್ನೆರಡಕ್ಕೆ ಹೋಗುತ್ತಿದ್ದಳು. ಉಳಿದ ಹೊತ್ತು ಆ ಮನೆಯಲ್ಲಿ ಹೇಮಾ ಮತ್ತು ಗೋಡೆಯ ಮೇಲಿನ ಟೀವಿ, ಇಬ್ಬರೇ.

ಅವಳ ಕೈಯಲ್ಲಿ ವಾರಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡಿತ್ತು. ಮನೆಯಲ್ಲೇ ಸಹಜವಾಗಿ ಕೂದಲಿನ ಬಣ್ಣ ತಿಳಿ ಮಾಡಿಕೊಳ್ಳುವುದು ಹೇಗೆ ಅಂತ ಅದರಲ್ಲಿ ಬರೆದಿತ್ತು. ನಿಂಬೆರಸ, ಜೇನುತುಪ್ಪ, ಸ್ವಲ್ಪ ಚಕ್ಕೆಪುಡಿ ಕಲೆಸಿ ಕೂದಲಿಗೆ ಹಚ್ಚಿ, ಬಿಸಿಲಿನಲ್ಲಿ ಒಂದು ತಾಸು ಕುಳಿತು ತೊಳೆದು, ಕೊನೆಗೆ ಚಕ್ಕೆ ಕಷಾಯ ಸುರಿದುಕೊಳ್ಳಬೇಕು. ವಾರಕ್ಕೊಂದು ಸಲದಂತೆ ಎಂಟು ಹತ್ತು ವಾರ ಮಾಡಿದರೆ ಕಪ್ಪು ಕೂದಲು ಕಂದು ಬಣ್ಣಕ್ಕೆ ತಿರುಗುತ್ತದಂತೆ. ಫೆಬ್ರವರಿ ಕೊನೆಗೆ ಬಳ್ಳಾರಿಯಲ್ಲಿ ಮೈದುನನ ಮದುವೆ ಇತ್ತು. ಅಷ್ಟರಲ್ಲಿ ಆಗಬೇಕು ಅಂದಳು.

ಸುಳ್ಳು ಹೇಳಿ ಕೆಲಸ ಹಿಡಿಯುವವಳಲ್ಲ ನಾನು, ಆಗಿನ್ನೂ ಆಗಿರಲಿಲ್ಲ. "ಇಷ್ಟು ತ್ರಾಸು ಯಾಕ್ರಿ ಮೇಡಂ? ಔಷಧಿ ಹಚ್ಚಿದ್ರ ಒಂದ ಮಧ್ಯಾಹ್ನದಾಗ ಆಗ್ತೈತಿ," ಅಂದೆ.

"ಬ್ಯಾಡ್ರಿ, ಔಷಧಿ ಬ್ಯಾಡ," ಅಂದಳು. ಸ್ವಲ್ಪ ಹೆಚ್ಚೇ ಅವಸರದಿಂದ ಅಂದಳು. "ನಮ್ಮ ಮನಿಯವ್ರು ಹೇಳ್ಯಾರ, ಕಂದು ಕೂದ್ಲು ಛಲೋ ಕಾಣ್ತೈತಿ ಅಂತ. ಖರೇ ನಿಂಬಿಹಣ್ಣಿಂದನ ಆಗ್ಲಿ. ಹಿಂದ್ಲ ಕೂದ್ಲಿಗೆ ನನ್ನ ಕೈ ಹತ್ತಂಗಿಲ್ಲ, ಅದಕ್ಕ ನಿಮ್ಮನ್ನ ಕರೆಸಿದ್ದು. ಮತ್ತ ಮೇಡಂ ಅನಬ್ಯಾಡ್ರಿ, ಎಲ್ಲಾರೂ ಅದನ್ನ ಅಂತಾರ."

ಮಾಳಿಗೆಯ ಮೇಲೆ ಒಂದು ಸ್ಟೂಲ್ ಹಾಕಿದೆವು. ಅವಳು ನನಗೆ ಬೆನ್ನು ಮಾಡಿ ಕುಳಿತಳು. ಸೊಂಟದವರೆಗೆ ಇಳಿದ ದಟ್ಟ ಕರೀ ಕೂದಲು. ಹಂಪಿಗೆ ಬರುವ ಫಾರಿನ್ ಹೆಂಗಸರು ಇಂಥ ಕೂದಲಿಗಾಗಿ ನನ್ನ ಪಾರ್ಲರಿಗೆ ಬಂದು ಕಪ್ಪು ಬಣ್ಣ ಹಚ್ಚು ಅನ್ನುತ್ತಾರೆ, ಇವಳು ಇದನ್ನು ಹೋಗಲಾಡಿಸು ಅನ್ನುತ್ತಾಳೆ. ಪಾಲು ಪಾಲು ತೆಗೆದು ಹಚ್ಚಿದೆ. ಹಚ್ಚಿ ಮುಗಿಯುವ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಹತ್ತು ಹನ್ನೆರಡು ಲಾರಿ ಸಾಲಾಗಿ ಹೋದವು. ಎದ್ದ ಧೂಳೆಲ್ಲ ಬಂದು ಅವಳ ಜೇನುತುಪ್ಪದ ತಲೆಯ ಮೇಲೇ ಕುಳಿತುಕೊಂಡಿತು. ಒಂದು ತಾಸಿನ ಮೇಲೆ ತೊಳೆದರೆ ಬಚ್ಚಲ ತುಂಬ ಕೆಂಪು ನೀರು. ಬಣ್ಣ ತಿಳಿಯಾಗಿದ್ದು ಎಷ್ಟು, ಧೂಳು ಎಷ್ಟು ಅಂತ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಅವಳು ಬಚ್ಚಲ ಕಲ್ಲಿನ ಮೇಲೆ ಕುಳಿತು ನಗಲು ಶುರುಮಾಡಿದಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ನಗು ಅದು.

ಬೆನ್ನು ಮಾಡಿ ಕುಳಿತವರಿಗೆ ಬಾಯಿ ಬರುತ್ತದೆ. ಹದಿನಾರು ವರ್ಷದ ಕಸುಬಿನಲ್ಲಿ ನಾನು ಕಂಡುಕೊಂಡದ್ದು ಇದೊಂದೇ. ಮುಖ ನೋಡಿ ಹೇಳಲಾಗದ್ದನ್ನು ಹೆಂಗಸರು ತಲೆ ಕೊಟ್ಟು ಹೇಳುತ್ತಾರೆ. ಹೇಮಾ ಎಮ್ಮಿಗನೂರಿನವಳು, ನಾನು ಕಂಪ್ಲಿಯವಳು, ಇಬ್ಬರೂ ಕುಡಿದದ್ದು ಒಂದೇ ಹೊಳೆಯ ನೀರು. ಅವಳು ಊರಿನ ಕತೆಗೆ ಕುಳಿತಳೆಂದರೆ ನಾನು ಹೂಂ ಅನ್ನುವುದಕ್ಕೂ ಜಾಗ ಬಿಡುತ್ತಿರಲಿಲ್ಲ. ಅವಳಿಗೆ ಭಾಳ ಇಷ್ಟದ್ದು ಎಮ್ಮೆಯ ಕತೆ. ಅವರ ಎಮ್ಮೆ ಒಂದು ದಿನ ಕಾಲುವೆಗೆ ಬಿತ್ತಂತೆ. ಅವಳಪ್ಪ ಅದನ್ನು ಉಳಿಸಲು ಹಿಂದೆಮುಂದೆ ನೋಡದೆ ಹಾರಿದನಂತೆ. ಹಾರಿದ ಮೇಲೆ ನೆನಪಾಯಿತಂತೆ, ತನಗೆ ಈಜು ಬರುವುದಿಲ್ಲ ಅಂತ. ಕೊನೆಗೆ ಎಮ್ಮೆ ತಾನಾಗಿಯೇ ದಂಡೆ ಹತ್ತಿತು, ಅದರ ಬಾಲ ಹಿಡಿದುಕೊಂಡು ಅವಳಪ್ಪ. "ಬಾಲ ಬಿಡಲೇ ಇಲ್ರಿ ನಮ್ಮಪ್ಪ, ಮನಿ ತನಕ," ಅನ್ನುವಾಗ ಅವಳ ಭುಜ ಕುಣಿಯುತ್ತಿತ್ತು. ನನ್ನ ಕೈಯಲ್ಲಿದ್ದ ಕೂದಲೂ ಕುಣಿಯುತ್ತಿತ್ತು.

ಎರಡನೆಯ ವಾರದಿಂದ ನಾನು ಅವಳನ್ನು ಹೇಮವ್ವ ಅಂದೆ. ಅವಳು ನನ್ನನ್ನು ಯಮುನಕ್ಕ ಅಂದಳು. ನನ್ನ ನಿಜವಾದ ಹೆಸರು ಹೇಳಿದೆ. ಅದಕ್ಕೂ ನಕ್ಕಳು. ಮೂರನೆಯ ಮಂಗಳವಾರ ಬರುವ ಹೊತ್ತಿಗೆ ನಾನು ಟವೆಲ್ಲುಗಳನ್ನು ಸೋಮವಾರವೇ ಒಗೆದು, ಬೆಳಿಗ್ಗೆ ಎಂಟಕ್ಕೆ ಸೀರೆಯುಟ್ಟು ಗಾಡಿಯ ಹಾರನ್ನಿಗೆ ಕಿವಿಗೊಟ್ಟು ಕುಳಿತಿದ್ದೆ.

ಆ ಮೂರನೆಯ ವಾರ ತೊಳೆದು ಒಣಗಿಸುವಾಗ ಕಂಡಿತು. ಕೆನ್ನೆಯ ಹತ್ತಿರದ ಎಳೆಗಳು ಬಿಸಿಲಿಗೆ ಹಿಡಿದರೆ ಸ್ವಲ್ಪ ಕಂದಾಗಿದ್ದವು. ಧೂಳಲ್ಲ, ಬಣ್ಣವೇ. ಪತ್ರಿಕೆಯವರು ಸುಳ್ಳು ಬರೆದಿರಲಿಲ್ಲ. ಹೀಗೇ ಹೋದರೆ ಇನ್ನು ನಾಲ್ಕೈದು ವಾರದಲ್ಲಿ ಕೆಲಸ ಮುಗಿಯುತ್ತದೆ. ಮುಗಿದ ಮೇಲೆ ಓಬಳಪ್ಪ ಯಾಕೆ ಬಂದಾನು? ಮತ್ತೆ ಅದೇ ಕುರ್ಚಿ, ಅದೇ ಇಪ್ಪತ್ತು ಮೂವತ್ತು ಯಮನಮ್ಮಂದಿರು. ನನಗೆ ಅವಳ ದುಡ್ಡು ಬೇಕಿರಲಿಲ್ಲ, ದೊಡ್ಡ ಮನೆಯ ಹೆಸರೂ ಬೇಕಿರಲಿಲ್ಲ. ಆ ಮಾಳಿಗೆಯ ಮೇಲಿನ ಮಂಗಳವಾರ ನಿಲ್ಲಬಾರದು, ಅಷ್ಟೇ ಬೇಕಿತ್ತು.

ನಾಲ್ಕನೆಯ ವಾರದಿಂದ ನಾಲ್ಕು ನಿಂಬೆಹಣ್ಣಿನ ಜಾಗದಲ್ಲಿ ಒಂದು ಹಿಂಡಿ, ಉಳಿದದ್ದಕ್ಕೆ ನೀರು ಬೆರೆಸಿದೆ. ಕೊನೆಯಲ್ಲಿ ಸುರಿಯುವ ಚಕ್ಕೆ ಕಷಾಯದ ಬದಲು ಪಾರ್ಲರಿನಿಂದ ಗಟ್ಟಿ ಚಹಾದ ಡಿಕಾಕ್ಷನ್ ಮಾಡಿ ಬಾಟಲಿಯಲ್ಲಿ ಒಯ್ದೆ. ಚಹಾ ಕೂದಲನ್ನು ಕಪ್ಪು ಮಾಡುತ್ತದೆ, ನಮ್ಮ ಕಸುಬಿನವರಿಗೆಲ್ಲ ಗೊತ್ತು. ಮೇಲೆ ಎರಡು ಚೂರು ಚಕ್ಕೆ ತೇಲಿಬಿಟ್ಟಿದ್ದೆ, ವಾಸನೆಗೆ. ತಪ್ಪು ಅನ್ನಿಸಲಿಲ್ಲವೇ ಅಂತ ಕೇಳಿದರೆ, ಅನ್ನಿಸಿತು. ಹೋಗುವಾಗ ಅನ್ನಿಸುತ್ತಿತ್ತು. ಅವಳು ಬಾಗಿಲು ತೆಗೆದ ಮೇಲೆ ಅನ್ನಿಸುತ್ತಿರಲಿಲ್ಲ.

"ಇನ್ನೂ ಹತ್ತಿಲ್ಲೇನ್ರಿ ಬಣ್ಣ?" ಅಂತ ಹೇಮಾ ಪ್ರತಿ ವಾರ ಕೇಳುತ್ತಿದ್ದಳು.

"ನಿಮ್ದು ಗಟ್ಟಿ ಕೂದ್ಲವ್ವ. ಜಲ್ದಿ ಬಗ್ಗಂಗಿಲ್ಲ."

"ಹಂಗಾರ ಇನ್ನಷ್ಟು ವಾರ ಬೇಕು," ಅನ್ನುತ್ತಿದ್ದಳು. ಬೇಸರದಿಂದ ಅಂದಂತೆ ಕೇಳುತ್ತಿರಲಿಲ್ಲ.

ಆರನೆಯ ವಾರ ಹೊನ್ನೂರುಸ್ವಾಮಿಯನ್ನು ಮೊದಲ ಸಲ ನೋಡಿದೆ. ಏನೋ ಕಾಗದ ಬೇಕಾಗಿ ಮನೆಗೆ ಬಂದವನು ಹೆಂಡತಿಯನ್ನು ಹುಡುಕಿಕೊಂಡು ಮಾಳಿಗೆ ಹತ್ತಿದ. ಕಿವಿಯಲ್ಲಿ ಒಂದು ಮೊಬೈಲು, ಕೈಯಲ್ಲಿ ಇನ್ನೊಂದು. ನನ್ನ ಕಡೆ ನೋಡಲಿಲ್ಲ. ಹೇಮಾಳ ತಲೆ ನೋಡಿ, "ಏನಿದು ತಲಿ ತುಂಬ ಧೂಳು? ಒಳಗ ಏಸಿ ಇಲ್ಲೇನು, ಇಲ್ಲಿ ಯಾಕ ಕುಂತಿ?" ಅಂದ. ಬೀರುವಿನ ಕೀಲಿ ಎಲ್ಲಿದೆ ಅಂತ ಕೇಳಿ ಇಳಿದು ಹೋದ.

ಕಂದು ಕೂದಲು ಛಲೋ ಕಾಣುತ್ತದೆ ಅಂತ ಹೇಳಿದ ಗಂಡ ಇವನೇ ಅಂತೆ. ಅವನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಹೇಮಾಳ ಕಿವಿಗಳು ಕೆಂಪಾಗಿದ್ದವು. ಸ್ವಲ್ಪ ಹೊತ್ತಾದ ಮೇಲೆ ಅವಳು, "ನಮ್ಮಪ್ಪ ಕಾಲುವಿಗೆ ಹಾರಿದ್ದು ಹೇಳಿದ್ನಲ್ರಿ," ಅಂತ ಎಮ್ಮೆಯ ಕತೆಯನ್ನೇ ಮತ್ತೆ ತೆಗೆದಳು. ಮೂರನೆಯ ಸಲ. ಕತೆ ಬಾಲದ ಹತ್ತಿರ ಬಂದಾಗ ನಾನು ಸರಿಯಾಗಿ ನಕ್ಕೆ.

ಆದರೆ ಒಂದು ವಿಷಯ ನನ್ನ ತಲೆ ಕೆಡಿಸಿತ್ತು. ಅವಳ ಕೂದಲು ಮೊದಲಿಗಿಂತ ಕಪ್ಪಗಾಗುತ್ತಿತ್ತು. ತಿಳಿಯಾಗಿದ್ದ ಕೆನ್ನೆಯ ಎಳೆಗಳು ಕೂಡ ಕಾಡಿಗೆಯ ಹಾಗೆ ಆಗಿಹೋಗಿದ್ದವು. ವಾರಕ್ಕೊಂದು ಸಲದ ಚಹಾ ಇಷ್ಟು ಮಾಡುವುದಿಲ್ಲ. ನಾನು ಡಿಕಾಕ್ಷನ್ ತೆಳ್ಳಗೆ ಮಾಡಿ ನೋಡಿದೆ. ಆಗಲೂ ಕಪ್ಪೇ.

ಎಂಟನೆಯ ಮಂಗಳವಾರ ಲಾರಿಯವರ ಮುಷ್ಕರ. ರಸ್ತೆ ಖಾಲಿ. ಓಬಳಪ್ಪ ಬಹಳ ದಿನದ ಮೇಲೆ ನಾಲ್ಕನೇ ಗೇರು ನೋಡಿದ ಖುಷಿಯಲ್ಲಿ ನಲವತ್ತು ನಿಮಿಷಕ್ಕೇ ಸಂಡೂರು ಮುಟ್ಟಿಸಿದ. ಮುಂಬಾಗಿಲು ಹಾಕಿತ್ತು. ನಾನು ಪಕ್ಕದ ಓಣಿಯಿಂದ ಹಿತ್ತಲಿಗೆ ಹೋದೆ. ಹೇಮಾ ಒಗೆಯುವ ಕಲ್ಲಿನ ಮೇಲೆ ಕುಳಿತು ಕೂದಲು ಬಿಚ್ಚಿಕೊಂಡಿದ್ದಳು. ಪಕ್ಕದಲ್ಲಿ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ, ಅದರ ತುಂಬ ಕರೀ ಹಸಿರು ಎಣ್ಣೆ. ಗರಗದ ಸೊಪ್ಪು ಕುದಿಸಿದ ಎಣ್ಣೆ, ವಾಸನೆಗೇ ಗೊತ್ತಾಯಿತು. ನಮ್ಮ ಕಡೆ ಮಕ್ಕಳ ಕೂದಲು ಕೆಂಚಗಿದ್ದರೆ ಕಪ್ಪಾಗಲಿ ಅಂತ ಹಚ್ಚುವುದು ಅದನ್ನೇ. ಅವಳು ಅಂಗೈಗೆ ಸುರಿದುಕೊಂಡು ಒಂದೊಂದೇ ಎಳೆಗೆ, ನಾನು ಹಚ್ಚುವ ಹಾಗೆಯೇ ಪಾಲು ತೆಗೆದು ತೆಗೆದು ಹಚ್ಚಿಕೊಳ್ಳುತ್ತಿದ್ದಳು. ಹಿಂದಿನ ಕೂದಲಿಗೂ ಕೈ ಚೆನ್ನಾಗಿಯೇ ಹತ್ತುತ್ತಿತ್ತು.

ಸದ್ದಾಗದಂತೆ ಹಿಂದಕ್ಕೆ ಬಂದು ಗಾಡಿಯಲ್ಲಿ ಕುಳಿತೆ. "ಯಾಕ್ರಿ, ಇಲ್ಲೇನು ಮನ್ಯಾಗ?" ಅಂದ ಓಬಳಪ್ಪ. ಅದಾರಪ್ಪ, ಸ್ವಲ್ಪ ತಡಿ ಅಂದೆ. ಒಂದೂಕಾಲು ತಾಸು ಅಲ್ಲೇ ಕುಳಿತಿದ್ದೆ. ಅವತ್ತು ಎಂದಿನಂತೆ ನೀರು ಬೆರೆಸಿದ ನಿಂಬೆರಸ ಹಚ್ಚಿದೆ, ಚಹಾ ಸುರಿದೆ. ಅವಳ ತಲೆ ಅಷ್ಟೊತ್ತಿಗೆ ತೊಳೆದು ಒಣಗಿತ್ತು, ಗರಗದ ವಾಸನೆ ಮಾತ್ರ ಇನ್ನೂ ಇತ್ತು. ಇಷ್ಟು ದಿನ ನನ್ನ ಮೂಗು ಎಲ್ಲಿ ಹೋಗಿತ್ತೋ.

ಆ ವಾರವಿಡೀ ನನಗಿದ್ದ ಖುಷಿ ಹೇಳತೀರದು. ಹುಬ್ಬು ತೆಗೆಸಲು ಬಂದವರೆಲ್ಲ, ಯಾಕ ಯಮುನಕ್ಕ, ಗಂಡ ವಾಪಸ್ ಬಂದ್ನೇನು ಅಂತ ಕೇಳಿದರು. ಅವನು ಬಂದಿದ್ದರೆ ಇಷ್ಟು ಖುಷಿ ಆಗುತ್ತಿರಲಿಲ್ಲ. ಅವಳಿಗೂ ಬೇಕಾದದ್ದು ಕಂದು ಕೂದಲಲ್ಲ. ಅವಳೂ ಮಂಗಳವಾರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾಳೆ. ಎಷ್ಟೋ ವರ್ಷಗಳ ಮೇಲೆ ಒಬ್ಬರಿಗೆ ನಾನು ಬೇಕಾಗಿದ್ದೆ. ಹಾಗಿದ್ದ ಮೇಲೆ ಈ ನಿಂಬೆಹಣ್ಣಿನ ನಾಟಕ ಯಾಕೆ? ಮದುವೆ ಇನ್ನು ನಾಲ್ಕು ವಾರ. ಮದುವೆ ಆದ ಮೇಲೆ ಯಾವ ನೆಪ ಇರುತ್ತದೆ? ಈಗಲೇ ಬಾಯಿಬಿಟ್ಟು ಹೇಳಿಬಿಟ್ಟರೆ ನೆಪವೇ ಬೇಕಾಗುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕಿದೆ. ಬುದ್ಧಿವಂತಳು ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂಬತ್ತನೆಯ ಮಂಗಳವಾರ ಬರಿಗೈಯಲ್ಲಿ ಹೋದೆ.

ಬಾಗಿಲು ತೆಗೆದ ಹೇಮಾ ಮೊದಲು ನೋಡಿದ್ದು ನನ್ನ ಕೈಯನ್ನು. "ನಿಂಬಿಹಣ್ಣು ತಂದಿಲ್ಲೇನ್ರಿ?"

"ಇವತ್ತು ಬ್ಯಾಡವ್ವ. ಸುಮ್ನ ಮಾತಾಡ್ಕೊಂತ ಕುಂದ್ರೂಣು ಅಂತ ಬಂದೆ."

"ಸುಮ್ನ," ಅಂದಳು ಅವಳು. ಆ ಪದ ಅವಳಿಗೆ ಹೊಸದೇನೋ ಅನ್ನುವ ಹಾಗೆ. ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದಳು. ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಸೋಫಾ, ಅಲುಗಾಡಿದರೆ ಸದ್ದು. ಅವಳು ಎದುರಿನದರಲ್ಲಿ ಕುಳಿತಳು. ಎಂಟು ವಾರದಲ್ಲಿ ನಾನು ಅವಳ ಮುಖವನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಬಲಗಣ್ಣಿನ ಕೆಳಗೆ ಒಂದು ಮಚ್ಚೆ ಇರುವುದು ಅವತ್ತು ಕಂಡೆ.

ಚಹಾ ತಂದಳು. ಕುಡಿದೆವು. ಮಗಳು ಫೋನ್ ಮಾಡಿದ್ದಳೇ ಅಂತ ಕೇಳಿದೆ. ಮಾಡಿದ್ದಳು ಅಂದಳು. ಚಳಿ ಕಡಿಮೆ ಆಯಿತು ಅಂದೆ. ಹೌದು ಅಂದಳು. ನನ್ನ ಕೈಗಳು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೆ ಬಿದ್ದಿದ್ದವು. ಮಾಳಿಗೆಯ ಮೇಲೆ ಉಕ್ಕಿ ಬರುತ್ತಿದ್ದ ಮಾತು ಎಲ್ಲಿ ಹೋಯಿತೋ, ಎಮ್ಮೆಯೂ ಬರಲಿಲ್ಲ, ಕಾಲುವೆಯೂ ಬರಲಿಲ್ಲ. ಹೊರಗೆ ಲಾರಿಗಳು ಹೋಗುತ್ತಿದ್ದವು, ಗಾಜಿನ ಷೋಕೇಸಿನಲ್ಲಿದ್ದ ಕಪ್ಪುಗಳು ಕಿಣಿಕಿಣಿ ಅನ್ನುತ್ತಿದ್ದವು. ಹದಿನಾರು ವರ್ಷದ ಕಸುಬಿನಲ್ಲಿ ಕಂಡುಕೊಂಡ ಒಂದೇ ಒಂದು ವಿಷಯವನ್ನು ನಾನೇ ಮರೆತು ಬಂದಿದ್ದೆ.

"ನನ್ನ ಕೂದ್ಲ ಕೆಲಸ ಮುಗೀತೇನ್ರಿ?" ಅಂತ ಕೊನೆಗೆ ಕೇಳಿದಳು. ದನಿ ಸಣ್ಣದಾಗಿತ್ತು.

ಆಗಲಾದರೂ ಇಲ್ಲ ಅಂದುಬಿಟ್ಟಿದ್ದರೆ ಆಗುತ್ತಿತ್ತು. ನಾನು ಅವಳನ್ನು ಸಮಾಧಾನ ಮಾಡಲು ಹೋದೆ. "ಕೂದ್ಲ ಹಾಳಾಗಿ ಹೋಗ್ಲಿ ಹೇಮವ್ವ. ನೀವು ಗರಗದ ಎಣ್ಣಿ ಹಚ್ಕೊಳ್ಳೋದು ನಾನು ನೋಡೀನಿ. ನಾನೇನು ಕಮ್ಮಿ ಇಲ್ಲ, ನಿಂಬಿಹಣ್ಣಿಗೆ ನೀರು ಹಾಕಿ, ಮ್ಯಾಲ ಚಾ ಡಿಕಾಕ್ಷನ್ ಸುರೀತಿದ್ದೆ. ಇಬ್ರೂ ಒಂದ ಅದೀವಿ. ನಿಮಗೂ ಯಾರೂ ಇಲ್ಲ, ನನಗೂ ಯಾರೂ ಇಲ್ಲ," ಅಂದೆ. ಅಂದು, ಅವಳು ನಗಲಿ ಅಂತ ನಾನೇ ಮೊದಲು ನಕ್ಕೆ.

ಅವಳು ನಗಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. "ಯಾರೂ ಇಲ್ಲ ಅಂತ ಯಾರು ಹೇಳಿದ್ರು ನಿಮಗ?" ಅಂದಳು. "ಆ ಎಣ್ಣಿ ನಮ್ಮವ್ವ ಕಳಿಸಿದ್ದು, ತಲಿನೋವಿಗೆ ಹಚ್ಕೊಂತೀನಿ. ನೀವು ಪಾರ್ಲರ್‌ನವ್ರು, ಹೇಳಿದ ಕೆಲಸ ಮಾಡ್ಬೇಕು. ಚಾ ಹಾಕಿದ್ರೇನ್ರಿ ನನ್ನ ತಲಿಗೆ?"

ಎದ್ದು ನಿಂತಳು. "ಓಬಳಪ್ಪಗ ಹೇಳ್ತೀನಿ, ಬಿಟ್ಟು ಬರ್ತಾನ," ಅಂದು ಒಳಗೆ ಹೋದಳು. ದೊಡ್ಡ ಮನೆ, ಅವಳು ಯಾವ ಕೋಣೆಗೆ ಹೋದಳೋ ಗೊತ್ತಾಗಲಿಲ್ಲ. ನನ್ನ ಲೋಟದಲ್ಲಿ ಅರ್ಧ ಚಹಾ ಹಾಗೇ ಇತ್ತು.

ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ತಾನು ಒಬ್ಬಳೇ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಅದನ್ನು ಮುಚ್ಚಿಕೊಳ್ಳಲು ತಾನೇ ಅವಳು ಪತ್ರಿಕೆಯ ತುಂಡು ಕತ್ತರಿಸಿಟ್ಟುಕೊಂಡದ್ದು, ಗಂಡ ಹೇಳಿದ ಅಂತ ಕಟ್ಟಿದ್ದು. ನಾನು ಹೋಗಿ ಆ ಹೊದಿಕೆಯನ್ನೇ ಎಳೆದುಬಿಟ್ಟೆ. ನನ್ನ ಮಂಗಳವಾರ ಹೋಯಿತು, ಸರಿ. ಅವಳದನ್ನೂ ತೆಗೆದೆ.

ಮುಂದಿನ ಮಂಗಳವಾರ ಗಾಡಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಫೋನ್ ಮಾಡಿದರೆ ಬಡಿದುಕೊಂಡು ನಿಂತುಹೋಗುತ್ತಿತ್ತು. ಎಂಟಕ್ಕೇ ಸೀರೆಯುಟ್ಟು ಕುಳಿತುಕೊಳ್ಳುವುದನ್ನು ಮಾತ್ರ ಬಿಡಲಾಗಲಿಲ್ಲ. ಗಲ್ಲಿಯಲ್ಲಿ ಯಾವ ಹಾರನ್ ಕೇಳಿದರೂ ಎದ್ದು ನೋಡುತ್ತಿದ್ದೆ, ಗ್ಯಾಸಿನವನೋ ಐಸ್‌ಕ್ರೀಮಿನವನೋ ಇರುತ್ತಿದ್ದ. ಮೂರನೆಯ ಮಂಗಳವಾರ ಕುರ್ಚಿಯ ಹಿಂದಿನ ಕನ್ನಡಿಗೆ ಟವೆಲ್ಲು ಹೊದಿಸಿದೆ. ಅಷ್ಟು ಜನ ಯಮನಮ್ಮಂದಿರನ್ನು ನೋಡುವುದು ನನ್ನಿಂದ ಆಗಲಿಲ್ಲ.

ಬಳ್ಳಾರಿಯ ಮದುವೆ ಶುಕ್ರವಾರ ಆಯಿತು ಅಂತ ಪಾರ್ಲರಿಗೆ ಬಂದವರು ಮಾತಾಡಿಕೊಂಡರು. ಆನೆ ತರಿಸಿದ್ದರಂತೆ. ಅದು ಮುಗಿದ ಮೊದಲ ಮಂಗಳವಾರ ನಾನು ಮಾರ್ಕೆಟ್ಟಿಗೆ ಹೋಗಿ ಒಂದು ಡಜನ್ ನಿಂಬೆಹಣ್ಣು ಆರಿಸಿ, ಸಂಡೂರಿನ ಬಸ್ಸು ಹತ್ತಿದೆ. ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ಸ್ಕಾರ್ಪಿಯೋದ ಹಾಗೆ ಬಸ್ಸಿಗೆ ಏರಿಸುವ ಗಾಜಿರಲಿಲ್ಲ. ಎರಡೂವರೆ ಗಂಟೆ ಲಾರಿಗಳ ಬೆನ್ನ ಹಿಂದೆ ಕುಳಿತು ಇಳಿದಾಗ ನಾನೂ ಆ ಬೇವಿನಮರದ ಬಣ್ಣಕ್ಕೆ ಬಂದಿದ್ದೆ. ಕಣ್ಣೊರೆಸಿಕೊಂಡರೆ ಸೆರಗಿಗೆ ಕೆಂಪು.

ಬೆಲ್ ಒತ್ತಿದೆ. ಹೇಮಾ ಬಾಗಿಲು ತೆಗೆದಳು.

ಅವಳ ಕೂದಲು ಕಂದಾಗಿತ್ತು. ಬುಡದಿಂದ ತುದಿಯವರೆಗೆ ಒಂದೇ ಸಮ, ಮಧ್ಯೆ ಮಧ್ಯೆ ಜೇನಿನ ಬಣ್ಣದ ಎಳೆ. ಪಳಗಿದ ಕೈ ಮಾಡಿದ ಕೆಲಸ. ಬಾಗಿಲಲ್ಲಿ ನಿಂತಿದ್ದರೂ ಔಷಧಿಯ ವಾಸನೆ ಮೂಗಿಗೆ ಬಂತು.

"ಆತ್ರಿ," ಅಂದಳು, ನಾನು ನೋಡುವುದನ್ನು ನೋಡಿ. "ಮದುವಿ ಹಿಂದಿನ ದಿನ ಬೆಂಗಳೂರಿಂದ ಬಂದಿದ್ರು ಹುಡುಗೇರು. ಹೊಸಾ ನೆಗೆಣ್ಣಿಗೆ ಮಾಡಾಕ ಅಂತ. ನನಗೂ ಮಾಡಿಬಿಟ್ರು. ಒಂದ ಮಧ್ಯಾಹ್ನ."

"ಛಲೋ ಬಂದೈತ್ರಿ," ಅಂದೆ. ನಿಜವಾಗಿಯೂ ಚೆನ್ನಾಗಿ ಬಂದಿತ್ತು. ಅದಕ್ಕೇ ನನಗೆ ಅಳು ಬರುವ ಹಾಗಾಯಿತು.

"ಯಾರೂ ನೋಡ್ಲಿಲ್ಲ," ಅಂದಳು ಅವಳು.

ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಬಾಗಿಲು ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣು ನನ್ನ ಕೈಚೀಲದ ಕಡೆ ಹೋಯಿತು. ಚೀಲದ ಬಾಯಿಯಿಂದ ಎರಡು ನಿಂಬೆಹಣ್ಣು ಕಾಣುತ್ತಿದ್ದವು. ತಪ್ಪಾಯಿತು ಅಂತ ಹೇಳಲು ಬಾಯಿ ತೆರೆದೆ. ತೆರೆದವಳು, ಅವತ್ತು ಸೋಫಾದ ಮೇಲೆ ಇದೇ ಬಾಯಿ ಮಾಡಿದ ಅನಾಹುತ ನೆನಪಾಗಿ ಮುಚ್ಚಿದೆ. ಕತ್ತು ಮುಂದೆ ಮಾಡಿ ಅವಳ ಬೈತಲೆಯನ್ನು ನೋಡಿದೆ, ಗಿರಾಕಿಯ ತಲೆ ನೋಡುವ ಹಾಗೆ.

"ಬುಡದಾಗ ಕಪ್ಪು ಕಾಣ್ತೈತ್ರಿ," ಅಂದೆ.

ಬಣ್ಣ ಹಾಕಿ ಐದು ದಿನ ಆಗಿತ್ತು. ಐದು ದಿನಕ್ಕೆ ಕೂದಲು ಒಂದು ಸಾಸಿವೆ ಕಾಳಿನಷ್ಟೂ ಬೆಳೆಯುವುದಿಲ್ಲ. ಕನ್ನಡಿ ಇರುವ ಯಾವ ಹೆಂಗಸಿಗೂ ಅದು ಗೊತ್ತು.

ಹೇಮಾ ಬೈತಲೆಯ ಮೇಲೆ ಕೈಯಿಟ್ಟುಕೊಂಡಳು. "ಕಾಣ್ತೈತೇನ್ರಿ?"

"ಕಾಣ್ತೈತವ್ವ. ಹಂಗ ಬಿಡಬಾರದು ಅದನ್ನ."

"ನಿಂಬಿಹಣ್ಣಿಗೆ ಹೋಗ್ತೈತೇನ್ರಿ?"

"ಹೋಗ್ತೈತಿ. ಆದ್ರ ಭಾಳ ವಾರ ಬೇಕು. ವಾರ ವಾರ ಬುಡ ಬೆಳೀತಾನ ಇರ್ತೈತಲ್ಲ."

ಅವಳು ಬಹಳ ಹೊತ್ತು ನನ್ನ ಮುಖ ನೋಡಿದಳು. ನಾನು ಅವಳ ಕೂದಲನ್ನೇ ನೋಡುತ್ತ ನಿಂತೆ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಮೊದ್ಲು ಮುಖ ತೊಳ್ಕೊಳ್ರಿ, ಧೂಳಾಗ ಗುರುತ ಸಿಗವಲ್ರಿ ನೀವು," ಅಂದಳು.

ಸ್ಟೂಲನ್ನು ಅವಳೇ ಮಾಳಿಗೆಗೆ ಹೊತ್ತು ತಂದಳು. ನನಗೆ ಬೆನ್ನು ಮಾಡಿ, ಗುಡ್ಡದ ಕಡೆ ಮುಖ ಮಾಡಿ ಕುಳಿತಳು. ಗುಡ್ಡದ ಒಂದು ಪಕ್ಕವನ್ನು ಪೂರಾ ಕೆರೆದು ತೆಗೆದಿದ್ದರು, ಅಲ್ಲಿಂದ ಲಾರಿಗಳು ಇಳಿದು ಬರುತ್ತಿದ್ದವು. ನಾನು ಪಾಲು ತೆಗೆದು ಹಚ್ಚತೊಡಗಿದೆ. ಮೊದಲಿನ ಹಾಗೆ ನಾಲ್ಕು ಹಣ್ಣು ಹಿಂಡಿದ್ದೆ, ನೀರು ಬೆರೆಸಿರಲಿಲ್ಲ. ಆ ಕೂದಲಿಗೆ ಅದರಿಂದ ಏನೂ ಆಗುವಂತಿರಲಿಲ್ಲ.

ಅರ್ಧ ತಲೆ ಮುಗಿಯಿತು. ಆಮೇಲೆ ಅವಳು ಗುಡ್ಡದ ಕಡೆಯೇ ನೋಡುತ್ತ, "ನಮ್ಮ ಎಮ್ಮಿ ಕಾಲುವಿಗೆ ಬಿದ್ದಿದ್ದು ನಿಮಗ ಹೇಳೀನೇನ್ರಿ ಯಮುನಕ್ಕ?" ಅಂದಳು.

"ಇಲ್ಲವ್ವ," ಅಂದೆ. "ಹೇಳಿಲ್ಲ."